ಉಕ್ಕಿನ ಟೋಪಿಯ ಗುರುತು ಹಿಡಿಯುವ ಬಗೆ

ಅಂಚೆಚೀಟಿ, ನಾಣ್ಯ, ಹಳೆಯ ಗಡಿಯಾರ ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯುದ್ಧಕಾಲದ ಸೈನಿಕರು ತೊಟ್ಟ ಉಕ್ಕಿನ ಟೋಪಿಗಳನ್ನು ಕೂಡಿಡುವವರು ಕಡಿಮೆ. ಯುರೋಪಿನಲ್ಲೂ ಅಮೆರಿಕದಲ್ಲೂ ಇದು ದೊಡ್ಡ ಹವ್ಯಾಸ. ಅದಕ್ಕಾಗಿಯೇ ದಪ್ಪ ದಪ್ಪ ಪುಸ್ತಕಗಳಿವೆ, ಹರಾಜುಗಳು ನಡೆಯುತ್ತವೆ, ಜೊತೆಗೆ ನಕಲಿ ಮಾಲಿನ ದಂಧೆಯೂ ಬೆಳೆದಿದೆ. ನಮ್ಮಲ್ಲಿ ಹಳೆಯ ಮನೆಯ ಅಟ್ಟದಿಂದ ಇಂಥದೊಂದು ಟೋಪಿ ಇಳಿದು ಬಂದರೆ ಸಾಮಾನ್ಯವಾಗಿ ಅದಕ್ಕೆ ಎರಡೇ ದಾರಿ. ಒಂದು, ಗುಜರಿಯವನ ತಕ್ಕಡಿ. ಇನ್ನೊಂದು, ತುಕ್ಕು ಉಜ್ಜಿಸಿಕೊಂಡು, ಹೊಸ ಬಣ್ಣ ಬಳಿಸಿಕೊಂಡು ಷೋಕೇಸು ಸೇರುವುದು. ಮೊದಲನೆಯದರಲ್ಲಿ ಟೋಪಿಯೇ ಹೋಗುತ್ತದೆ. ಎರಡನೆಯದರಲ್ಲಿ ಟೋಪಿ ಉಳಿದು, ಅದರ ಚರಿತ್ರೆ ಹೋಗುತ್ತದೆ. ನಷ್ಟ ಎರಡರಲ್ಲೂ ಒಂದೇ.

ಹಾಗೇಕೆ ಎಂದು ವಿವರಿಸುವುದೇ ಇಂದಿನ ನನ್ನ ಮಾತಿನ ಉದ್ದೇಶ. ಹಳೆಯ ಶಿರಸ್ತ್ರಾಣವೊಂದು ಯಾವ ದೇಶದ್ದು, ಯಾವ ವರ್ಷದ್ದು, ಯಾವ ಕಾರ್ಖಾನೆಯಲ್ಲಿ ಹುಟ್ಟಿತು, ಆಮೇಲೆ ಯಾರ ಕೈ ಸೇರಿತು ಎಂಬುದೆಲ್ಲ ಅದರ ಮೈಮೇಲೆಯೇ ಇರುತ್ತದೆ. ಅಂಚು, ರಿವೆಟ್, ಒಳಗಿನ ತೊಗಲು, ಬಣ್ಣದ ಪದರ, ಒತ್ತಿದ ಅಕ್ಷರ ಇವಿಷ್ಟನ್ನೂ ಓದಲು ಕಲಿತವನೇ ನಿಜವಾದ ಸಂಗ್ರಹಕಾರ. ಓದುವುದಕ್ಕೆ ಮೊದಲೇ ಅಳಿಸಿಬಿಟ್ಟರೆ ಉಳಿಯುವುದು ಬರೀ ಕಬ್ಬಿಣ.

ಮೊದಲು ಸ್ವಲ್ಪ ಇತಿಹಾಸ. ಬಂದೂಕು ಬಂದ ಮೇಲೆ ಯುರೋಪಿನ ಸೈನ್ಯಗಳು ನಿಧಾನವಾಗಿ ಲೋಹದ ಶಿರಸ್ತ್ರಾಣವನ್ನು ಕೈಬಿಟ್ಟಿದ್ದವು. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಫ್ರೆಂಚ್ ಸಿಪಾಯಿ ಬಟ್ಟೆಯ ಟೋಪಿ ತೊಟ್ಟು ರಣಕ್ಕಿಳಿದ. ಬ್ರಿಟಿಷ್ ಸಿಪಾಯಿಯದೂ ಬಟ್ಟೆಯ ಟೋಪಿಯೇ. ಜರ್ಮನ್ ಸಿಪಾಯಿಯ ತಲೆಯ ಮೇಲಿದ್ದದ್ದು ನೆತ್ತಿಯಲ್ಲಿ ಮೊನೆಯಿರುವ ತೊಗಲಿನ ಟೋಪಿ. ಪ್ರಷ್ಯಾದ ಸೈನ್ಯ ಅದನ್ನು 1842ರಲ್ಲಿ ಬಳಕೆಗೆ ತಂದಿತ್ತು. ನೋಡಲು ಬಲು ಗಂಭೀರ, ರಕ್ಷಣೆ ಮಾತ್ರ ಅಷ್ಟಕ್ಕಷ್ಟೆ. ಆ ಯುದ್ಧ ಕೆಲವೇ ತಿಂಗಳಲ್ಲಿ ಕಂದಕಗಳೊಳಗಿನ ಯುದ್ಧವಾಯಿತು. ಕಂದಕದಲ್ಲಿ ನಿಂತವನ ಮೈಯೆಲ್ಲ ಮಣ್ಣಿನ ಮರೆಯಲ್ಲಿ, ತಲೆಯೊಂದು ಮೇಲೆ. ಆಕಾಶದಲ್ಲಿ ಸಿಡಿದ ಫಿರಂಗಿ ಗುಂಡುಗಳ ಚೂರುಗಳು ಆ ತಲೆಯ ಮೇಲೆಯೇ ಸುರಿದವು. ಸಣ್ಣ ಚೂರೊಂದು ತಲೆಬುರುಡೆ ಹೊಕ್ಕರೆ ಸಾಕು, ಗಟ್ಟಿಮುಟ್ಟಾದ ಯುವಕ ಅಲ್ಲೇ ಮುಗಿದುಹೋಗುತ್ತಿದ್ದ. ಇಂಥ ಗಾಯಗಳ ಬಗ್ಗೆ ವೈದ್ಯರು ನೀಡಿದ ವರದಿಗಳೇ ಶತಮಾನಗಳ ಹಿಂದೆ ಬಿಟ್ಟ ಶಿರಸ್ತ್ರಾಣವನ್ನು ಮತ್ತೆ ಕರೆತಂದವು.

ಮೂರು ದೇಶಗಳು ಮೂರು ಬಗೆಯ ಉತ್ತರ ಕಂಡುಕೊಂಡವು. ಸಂಗ್ರಹಕಾರನಿಗೆ ಇದೇ ಮೊದಲ ಪಾಠ, ಏಕೆಂದರೆ ಆ ಮೂರು ಆಕಾರಗಳಿಂದಲೇ ಮುಂದಿನ ಅನೇಕ ಮಾದರಿಗಳು ಕವಲೊಡೆದವು.

ಮೊದಲು ಎಚ್ಚೆತ್ತದ್ದು ಫ್ರಾನ್ಸ್. ಅಲ್ಲಿನ ಸೇನಾ ಸರಬರಾಜು ವಿಭಾಗದ ಅಧಿಕಾರಿ ಲೂಯಿ ಆದ್ರಿಯಾಂ 1915ರ ಆರಂಭದಲ್ಲಿ ಬಟ್ಟೆಯ ಟೋಪಿಯೊಳಗೆ ತೊಡುವ ಉಕ್ಕಿನ ಬಟ್ಟಲೊಂದನ್ನು ಹಂಚಿಸಿದ. ಅದೇ ವರ್ಷ ಪೂರ್ಣ ರೂಪದ ಶಿರಸ್ತ್ರಾಣವೂ ಬಂತು. ಅದಕ್ಕೆ ಇಂದಿಗೂ ಅವನ ಹೆಸರೇ. ತೆಳುವಾದ ಮೆದು ಉಕ್ಕು, ಸುಮಾರು 700 ಗ್ರಾಂ ತೂಕ, ಹಲವು ತುಂಡುಗಳ ಜೋಡಣೆ, ನೆತ್ತಿಯ ಮೇಲೆ ಉದ್ದಕ್ಕೆ ಒಂದು ಜುಟ್ಟು. ಜುಟ್ಟು ಬರೀ ಅಲಂಕಾರಕ್ಕಲ್ಲ, ಅದರಡಿ ಗಾಳಿಯಾಡಲು ಬಿಟ್ಟ ಸೀಳು ಇರುತ್ತದೆ. ಹಣೆಯ ಮೇಲಿನ ಲಾಂಛನ ಆ ಸೈನಿಕ ಯಾವ ದಳದವನೆಂದು ಹೇಳುತ್ತದೆ. ಉರಿಯುವ ಕೈಬಾಂಬಿದ್ದರೆ ಪದಾತಿ, ಒಂದಕ್ಕೊಂದು ಅಡ್ಡವಿಟ್ಟ ಫಿರಂಗಿಗಳಿದ್ದರೆ ತೋಪಖಾನೆ, ಬೇಟೆಯ ಕಹಳೆಯಿದ್ದರೆ ಷಸ್ಸೂರ್ ಎಂಬ ಲಘು ಪದಾತಿ ದಳ, ಲಂಗರಿದ್ದರೆ ವಸಾಹತು ಪಡೆ. ಇದೇ ಟೋಪಿಯನ್ನು ಬೆಲ್ಜಿಯಂ, ಇಟಲಿ, ರಷ್ಯಾ, ರುಮೇನಿಯಾಗಳೂ ಬಳಸಿದವು. ಬೆಲ್ಜಿಯಂನದರ ಮೇಲೆ ಸಿಂಹದ ಮುಖ, ರಷ್ಯಾದ್ದರ ಮೇಲೆ ಎರಡು ತಲೆಯ ಹದ್ದು. 1926ರಲ್ಲಿ ಫ್ರೆಂಚರು ಬಟ್ಟಲನ್ನು ಒಂದೇ ಹಾಳೆಯಿಂದ ಒತ್ತಲು ಆರಂಭಿಸಿದರು. ಆದ್ದರಿಂದ ಅಂಚಿನ ಜೋಡಣೆ ನೋಡಿದರೆ ಸಾಕು, ಟೋಪಿ ಮೊದಲನೆಯ ಯುದ್ಧದ ಮಾದರಿಯೋ ಆಮೇಲಿನದೋ ತಿಳಿಯುತ್ತದೆ.

ಬ್ರಿಟನ್ನಿನ ಉತ್ತರ ಜಾನ್ ಲಿಯೋಪೋಲ್ಡ್ ಬ್ರೋಡಿ ಎಂಬಾತನದು. 1915ರ ಆಗಸ್ಟಿನಲ್ಲಿ ಅವನು ಪೇಟೆಂಟ್ ಪಡೆದ ಟೋಪಿ, ಬೋಗುಣಿಯನ್ನು ಬೋರಲು ಹಾಕಿದಂತಿತ್ತು. ಒಂದೇ ಹಾಳೆ, ಒಂದೇ ಒತ್ತು. ಬೇಗ ತಯಾರಾಗುತ್ತಿತ್ತು, ಅಗ್ಗವೂ ಆಗಿತ್ತು. ಅಗಲವಾದ ಅಂಚು ಮೇಲಿನಿಂದ ಬೀಳುವ ಚೂರುಗಳಿಂದ ಹೆಗಲನ್ನೂ ಸ್ವಲ್ಪ ಕಾಯುತ್ತಿತ್ತು, ಆದರೆ ಕಿವಿಯೂ ಕತ್ತಿನ ಹಿಂಭಾಗವೂ ಬಯಲಾಗಿಯೇ ಉಳಿಯುತ್ತಿದ್ದವು. ಆರಂಭದಲ್ಲಿ ಟೋಪಿಗಳು ಎಲ್ಲರಿಗೂ ಸಾಲದೆ, ಮುಂಚೂಣಿಯ ಕಂದಕದಲ್ಲೇ ಇಟ್ಟಿರುತ್ತಿದ್ದರು. ಒಂದು ದಳ ಹಿಂದಕ್ಕೆ ಸರಿದಾಗ ಮುಂದಿನ ದಳ ಅವನ್ನೇ ತೊಡಬೇಕು. ಸೇನಾನಿ ಪ್ಲೂಮರ್ ಇದರ ಕೊರತೆಗಳನ್ನು ಪಟ್ಟಿ ಮಾಡಿದ್ದ. ಆಳ ಸಾಲದು, ಬೆಳಕಿಗೆ ಮಿನುಗುತ್ತದೆ, ಅಂಚು ಹರಿತ, ಒಳಗವಸು ಜಾರುತ್ತದೆ. 1916ರಲ್ಲಿ ಬಂದ ಸುಧಾರಿತ ಟೋಪಿಯ ಅಂಚಿಗೆ ತೆಳು ಲೋಹದ ಪಟ್ಟಿ ಮಡಿಸಿ ಕೂರಿಸಿದರು, ಹೊಳಪು ಸಾಯಿಸಲು ಬಣ್ಣದ ಮೇಲೆ ಮರಳಿನ ಇಲ್ಲವೇ ಮರದ ಪುಡಿಯ ಒರಟು ಲೇಪ ಕೊಟ್ಟರು. ಹೀಗಾಗಿ ಪಟ್ಟಿಯಿಲ್ಲದ ಬೋಳು ಅಂಚಿನ ಬ್ರೋಡಿ ಟೋಪಿ ಸಿಕ್ಕರೆ ಅದು ಮೊದಮೊದಲ ತಯಾರಿಕೆ ಇರಬಹುದು, ಅಥವಾ ಅಂಚು ಕಳೆದುಕೊಂಡ ಆಮೇಲಿನದೂ ಇರಬಹುದು. ಅಂಚನ್ನು ಬೆರಳಿನಿಂದ ಸವರಿ, ಪಟ್ಟಿ ಕೂತಿದ್ದ ಗುರುತು ಇದೆಯೇ ಎಂದು ನೋಡಿಯೇ ತೀರ್ಮಾನಕ್ಕೆ ಬರಬೇಕು.

ಜರ್ಮನರ ಉತ್ತರ ತಡವಾಗಿ ಬಂತು, ಆದರೆ ಹೆಚ್ಚು ಯೋಚಿಸಿ ಮಾಡಿದ್ದು. ಶಸ್ತ್ರವೈದ್ಯ ಆಗಸ್ಟ್ ಬೀರ್ ತಲೆಯ ಗಾಯಗಳ ವಿಚಾರ ಎತ್ತಿದ, ಹ್ಯಾನೋವರಿನ ತಾಂತ್ರಿಕ ವಿದ್ಯಾಲಯದ ಫ್ರೀಡ್ರಿಕ್ ಷ್ವೆರ್ಡ್ ಅದಕ್ಕೆ ರೂಪ ಕೊಟ್ಟ. 1916ರಲ್ಲಿ ವೆರ್ಡನ್ ಕದನದ ಹೊತ್ತಿಗೆ ಅದು ಸೈನಿಕರ ಕೈ ಸೇರಿತು. ಹಣೆ, ಕಿವಿ, ಕತ್ತು ಮೂರನ್ನೂ ಕಾಯುವ ಆಳವಾದ ಟೋಪಿ ಅದು. ಎರಡು ಪಕ್ಕಗಳಲ್ಲಿ ಕೊಂಬಿನಂಥ ಮೊಳೆಗಳಿವೆ. ನೋಡಿದವರು ಅವನ್ನು ಶೋಭೆಗೆ ಇಟ್ಟದ್ದು ಅಂದುಕೊಳ್ಳುವುದುಂಟು. ಗಾಳಿ ಆಡುವುದು ಅವುಗಳ ಮೂಲಕವೇ, ಕಾವಲಿನವನು ಹಣೆಯ ಮೇಲೆ ತೊಡುವ ಭಾರವಾದ ಹೆಚ್ಚುವರಿ ಉಕ್ಕಿನ ಫಲಕ ಸಿಕ್ಕಿಸುವುದೂ ಅವಕ್ಕೇ. ಆ ಫಲಕದ ಅಳತೆ ಒಂದೇ, ಟೋಪಿಗಳ ಅಳತೆ ಬೇರೆ ಬೇರೆ. ಅದಕ್ಕಾಗಿ ಚಿಕ್ಕ ಟೋಪಿಗಳ ಮೊಳೆಯಲ್ಲಿ ಒಂದು ಮೆಟ್ಟಿಲು ಬಿಟ್ಟು, ಫಲಕ ಹೊರಗಡೆ ಸರಿಯಾಗಿ ಕೂರುವಂತೆ ಮಾಡಿದ್ದಾರೆ. ಇಂಥ ಚಿಕ್ಕ ವಿವರಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಅದನ್ನು ಹುಡುಕುವುದರಲ್ಲೇ ಈ ಹವ್ಯಾಸದ ಸುಖವಿದೆ.

ಸಂಗ್ರಹ ಎಂಬುದು ವಿರಾಮದ ವೇಳೆಯ ಆಟವಷ್ಟೇ ಎಂದು ತಿಳಿದವರಿಗೆ ಒಂದು ಹೆಸರು ಹೇಳಬೇಕು, ಬ್ಯಾಶ್‌ಫರ್ಡ್ ಡೀನ್. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಪ್ರಾಚೀನ ಕವಚ ಮತ್ತು ಆಯುಧಗಳ ವಿಭಾಗದ ಮುಖ್ಯಸ್ಥನಾಗಿದ್ದವನು. ಅಮೆರಿಕ ಯುದ್ಧಕ್ಕಿಳಿದಾಗ ಸೇನೆ ಹೊಸ ಶಿರಸ್ತ್ರಾಣದ ವಿನ್ಯಾಸಕ್ಕೆ ಇವನನ್ನೇ ಕೇಳಿತು. ಮಧ್ಯಯುಗದ ಟೋಪಿಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿದ್ದ ಅವನು ಅವುಗಳ ಆಕಾರದಿಂದ ಕಲಿತು ಹೊಸ ಮಾದರಿಗಳನ್ನು ರೂಪಿಸಿದ, 1920ರಲ್ಲಿ ಆಧುನಿಕ ಯುದ್ಧದ ಶಿರಸ್ತ್ರಾಣ ಮತ್ತು ಕವಚಗಳ ಕುರಿತು ದೊಡ್ಡ ಗ್ರಂಥವನ್ನೂ ಪ್ರಕಟಿಸಿದ. ಮ್ಯೂಸಿಯಂನಲ್ಲಿ ಹಳೆಯ ಟೋಪಿಗಳು ತಿದ್ದದೆ ತೀಡದೆ ಉಳಿದಿದ್ದರಿಂದಲೇ ಅವು ಹೊಸ ಕೆಲಸಕ್ಕೆ ಪಾಠ ಹೇಳಬಲ್ಲವಾದವು.

ಇನ್ನು ಗುರುತು ಹಿಡಿಯುವ ಕೆಲಸಕ್ಕೆ ಬರೋಣ. ನಮ್ಮ ದೇಶದಲ್ಲಿ ಸಿಗುವ ಸಂಭವ ಹೆಚ್ಚಿರುವುದು ಬ್ರೋಡಿ ಟೋಪಿಯ ವಂಶದ್ದೇ. ಅದರಲ್ಲೂ 1938ರಲ್ಲಿ ಬಂದ ಎರಡನೆಯ ಮಾದರಿ, ಸೇನೆಯ ಭಾಷೆಯಲ್ಲಿ ಮಾರ್ಕ್ ಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರು ಎಲ್ಲೆಡೆ ತೊಟ್ಟದ್ದು ಇದನ್ನೇ. ಸ್ವಾತಂತ್ರ್ಯ ಬಂದ ಮೇಲೂ ಕೆಲವು ಕಾಲ ನಮ್ಮ ಸೇನೆಯಲ್ಲಿ ಇದು ಬಳಕೆಯಲ್ಲಿತ್ತು. ಅಂಥದೊಂದು ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಹೇಗೆ ನೋಡಬೇಕು?

ಮೊದಲು ಟೋಪಿಯನ್ನು ಬೋರಲಿನಿಂದ ಅಂಗಾತ ಮಾಡಿ. ನೆತ್ತಿಯ ನಡುವೆ ಒಂದೇ ಒಂದು ಸ್ಕ್ರೂ ಕಾಣುತ್ತದೆಯೇ? ಮಾರ್ಕ್ ಟುವಿನ ಲೈನರ್, ಅಂದರೆ ಉಕ್ಕಿಗೂ ತಲೆಗೂ ನಡುವಿನ ಒಳಗವಸು, ಆ ಒಂದು ಸ್ಕ್ರೂವಿನ ಮೇಲೆಯೇ ನಿಂತಿರುತ್ತದೆ. ಒಳಗೆ ಅಡ್ಡಡ್ಡ ಶಿಲುಬೆಯಾಕಾರದ ಮೆತ್ತೆ, ಸುತ್ತ ಹೊಳಪು ಬಟ್ಟೆಯ ಪಟ್ಟಿ. ಆಮೇಲೆ ಗದ್ದದ ಪಟ್ಟಿ ನೋಡಿ. ಮೊದಲನೆಯ ಯುದ್ಧದ್ದಾದರೆ ತೊಗಲು, ಎರಡನೆಯ ಯುದ್ಧದ್ದಾದರೆ ಎಳೆದರೆ ಹಿಗ್ಗುವ ನೇಯ್ಗೆಯ ಪಟ್ಟಿ. ಪಟ್ಟಿ ಸಿಕ್ಕಿಸುವ ಎರಡು ಕೊಂಡಿಗಳ ಮೇಲೂ ಅಂಚಿನ ಕೆಳಭಾಗದಲ್ಲೂ ಕಾರ್ಖಾನೆಯ ಅಕ್ಷರಗಳು ಮತ್ತು ವರ್ಷ ಒತ್ತಿರುತ್ತವೆ. ಬಿಎಂಬಿ ಎಂದಿದ್ದರೆ ಅದು ಡಾಗೆನ್‌ಹ್ಯಾಮಿನ ಬ್ರಿಗ್ಸ್ ಮೋಟಾರ್ ಬಾಡೀಸ್, ಕಾರಿನ ಮೈ ಕಟ್ಟುತ್ತಿದ್ದ ಕಂಪನಿ. ಶಾಂತಿಕಾಲದಲ್ಲಿ ಕಾರಿಗೆ ಉಕ್ಕಿನ ಹಾಳೆ ಒತ್ತುತ್ತಿದ್ದ ಯಂತ್ರಗಳು ಯುದ್ಧಕಾಲದಲ್ಲಿ ಟೋಪಿ ಒತ್ತಿದ್ದಕ್ಕೆ ಈ ಮೂರು ಅಕ್ಷರವೇ ದಾಖಲೆ.

ಲೈನರಿನ ಮೇಲೆ ಬೇರೆ ವರ್ಷ, ಉಕ್ಕಿನ ಚಿಪ್ಪಿನ ಮೇಲೆ ಬೇರೆ ವರ್ಷ ಕಂಡರೆ ತಕ್ಷಣ ನಕಲಿ ಎಂದು ಬಿಸಾಡಬೇಡಿ. 1930ರ ದಶಕದ ಕೊನೆಯಲ್ಲಿ ಮತ್ತೆ ಯುದ್ಧದ ಮೋಡ ಕವಿದಾಗ ಬ್ರಿಟನ್ ಮೊದಲನೆಯ ಯುದ್ಧದ ಹಳೆಯ ಚಿಪ್ಪುಗಳನ್ನು ಗೋದಾಮಿನಿಂದ ತೆಗೆದು, ಹೊಸ ಲೈನರ್, ಹೊಸ ಪಟ್ಟಿ ಕೂರಿಸಿ ಮತ್ತೆ ಹಂಚಿತು. ತಂದೆಯ ಕಾಲದ ಚಿಪ್ಪು ಮಗನ ಕಾಲದ ಲೈನರ್ ಹೊತ್ತು ಎರಡನೆಯ ಯುದ್ಧಕ್ಕೂ ಹೋಯಿತು. ಈ ಎರಡೂ ವರ್ಷಗಳು ಸೇರಿಯೇ ಆ ಟೋಪಿಯ ಚರಿತ್ರೆ. ‘ಮೂಲರೂಪಕ್ಕೆ ತರುತ್ತೇನೆ’ ಎಂದು ಆಮೇಲಿನ ಲೈನರ್ ಕಿತ್ತು ಎಸೆಯುವವನು ಚರಿತ್ರೆಯ ಅರ್ಧವನ್ನೇ ಕಿತ್ತು ಎಸೆಯುತ್ತಾನೆ.

ಈಗ ಅಯಸ್ಕಾಂತ ತನ್ನಿ. ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸುವ ಚಿಕ್ಕದೇ ಸಾಕು. ಕಬ್ಬಿಣದ ಟೋಪಿಗೆ ಅದು ಅಂಟಲೇಬೇಕಲ್ಲ ಎಂದು ನಿಮಗನಿಸುತ್ತದೆ. ಆದರೆ ಸೇನೆಗೆಂದು ಮಾಡಿದ ಒಳ್ಳೆಯ ಬ್ರಿಟಿಷ್ ಟೋಪಿಗೆ ಅದು ಅಂಟುವುದಿಲ್ಲ, ಅಂಟಿದರೂ ಹಿಡಿತ ಬಲು ದುರ್ಬಲ. ಇದರ ಹಿಂದೆ ಷೆಫೀಲ್ಡಿನ ಲೋಹವಿಜ್ಞಾನಿ ರಾಬರ್ಟ್ ಹ್ಯಾಡ್‌ಫೀಲ್ಡ್ ಇದ್ದಾನೆ. 1882ರಲ್ಲಿ ಅವನು ಉಕ್ಕಿಗೆ ಶೇಕಡಾ 12ರಷ್ಟು ಮ್ಯಾಂಗನೀಸ್ ಬೆರೆಸಿ ವಿಚಿತ್ರ ಗುಣದ ಲೋಹವೊಂದನ್ನು ಕಂಡುಹಿಡಿದ. ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಉಕ್ಕು ಅದು, ಜೊತೆಗೆ ಅಯಸ್ಕಾಂತಕ್ಕೆ ಸೋಲದ್ದು. ರೈಲು ಹಳಿಗಳು ಕೂಡುವ ಜಾಗದಲ್ಲಿ ಬಳಸುವ ಉಕ್ಕು ಇದೇ ಜಾತಿಯದು. ಬ್ರೋಡಿ ಟೋಪಿಗೆ ಮೊದಲು ಮೆದು ಉಕ್ಕು ಬಳಸಿ, ಬೇಗನೆ ಹ್ಯಾಡ್‌ಫೀಲ್ಡನ ಉಕ್ಕಿಗೆ ಬದಲಾಯಿಸಿದರು.

ಅಂಚಿನಲ್ಲಿ ಕೊರೆದ ಸಣ್ಣ ತೂತುಗಳಿವೆಯೇ ಎಂದೂ ನೋಡಿ. ಬ್ರಿಟನ್ನಿನಲ್ಲಿ ಸೇನೆಯ ಮಟ್ಟ ಮುಟ್ಟದ ಕೆಳದರ್ಜೆಯ ಉಕ್ಕಿನ ಟೋಪಿಗಳನ್ನು ಊರೊಳಗಿನ ನಾಗರಿಕ ರಕ್ಷಣೆಯವರಿಗೆ ಕೊಡುವಾಗ, ಅವು ತಪ್ಪಿಯೂ ರಣರಂಗಕ್ಕೆ ಹೋಗದಿರಲೆಂದು ಅಂಚಿನಲ್ಲಿ ತೂತು ಕೊರೆದು ಗುರುತು ಮಾಡುತ್ತಿದ್ದರು. ಹಾಗಾಗಿ ತೂತಿದ್ದು, ಅಯಸ್ಕಾಂತವೂ ಗಟ್ಟಿಯಾಗಿ ಅಂಟಿದರೆ ಎರಡು ಸಾಕ್ಷಿಗಳೂ ಒಂದನ್ನೇ ಹೇಳುತ್ತಿವೆ ಎಂದರ್ಥ. ಆ ಟೋಪಿ ಲಂಡನ್ನಿನಂಥ ಊರಿನಲ್ಲಿ ವಿಮಾನದಾಳಿಯ ರಾತ್ರಿ ಬೀದಿ ಕಾಯುತ್ತಿದ್ದವನದೋ, ಗಾಯಾಳುಗಳನ್ನು ಹೊರುತ್ತಿದ್ದವನದೋ ಇರಬೇಕು. ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ಟೋಪಿಗಳಿಗೂ ಹಿಂಬದಿಯ ಅಂಚಿನಲ್ಲಿ ಮೂರು ತೂತುಗಳಿರುತ್ತವೆ. ಕತ್ತಿಗೆ ಬಿಸಿಲು ತಾಗದಂತೆ ಬಟ್ಟೆಯ ಪರದೆ ಕಟ್ಟುವುದಕ್ಕೆ ಅವು ಎಂದು ಸಂಗ್ರಹಕಾರರು ಹೇಳುತ್ತಾರೆ. ತೂತು ಎರಡು ಕಡೆಯೂ ತೂತೇ, ಅರ್ಥ ಬೇರೆ. ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅಮೆರಿಕದವರು 1917ರಲ್ಲಿ ಯುದ್ಧಕ್ಕೆ ಬಂದಾಗ ಬ್ರಿಟನ್ನಿನಿಂದ ಸುಮಾರು 4 ಲಕ್ಷ ಟೋಪಿ ಕೊಂಡು, ಆಮೇಲೆ ಅದೇ ಆಕಾರವನ್ನು ತಾವೇ ತಯಾರಿಸಿದರು. ದೂರದಿಂದ ಎರಡೂ ಒಂದೇ. ಗದ್ದದ ಪಟ್ಟಿಯ ಕೊಂಡಿ ಹಿಡಿದಿರುವ ರಿವೆಟ್ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಬ್ರಿಟಿಷರದು ಕಾಲು ಸೀಳಿ ಮಡಿಸಿದ ಪಿನ್ನು, ಅಮೆರಿಕದವರದು ಇಡಿಯಾದ ರಿವೆಟ್. ಎರಡನೆಯ ಯುದ್ಧದ ಹೊತ್ತಿಗೆ ಅವರು ಬೋಗುಣಿಯಾಕಾರ ಬಿಟ್ಟು, 1941ರಲ್ಲಿ ಎಂ-1 ಎಂಬ ಆಳವಾದ ಟೋಪಿ ತಂದರು. ಯುದ್ಧ ಮುಗಿಯುವ ವೇಳೆಗೆ ಅಂಥವು 2 ಕೋಟಿಗೂ ಮೀರಿ ತಯಾರಾಗಿದ್ದವು. ಇಷ್ಟು ದೊಡ್ಡ ರಾಶಿಯಲ್ಲಿ ವರ್ಷ ಹೇಗೆ ಹೇಳುವುದು? ಅದಕ್ಕೂ ದಾರಿಯಿದೆ. ಪಟ್ಟಿಯ ಕೊಂಡಿ ಅಲ್ಲಾಡದಂತೆ ಬೆಸೆದಿದ್ದರೆ 1943ರ ಕೊನೆಗಿಂತ ಮೊದಲಿನದು, ಬಾಗಿಲ ಕೀಲಿನ ರೀತಿಯಲ್ಲಿ ಆಡುತ್ತಿದ್ದರೆ ನಂತರದ್ದು. ಅಂಚಿನ ಪಟ್ಟಿಯ ಎರಡು ತುದಿ ಕೂಡುವ ಜಾಗ ಹಣೆಯ ಕಡೆ ಇದ್ದರೆ ಹಳೆಯದು, 1944ರ ಕೊನೆಯಿಂದೀಚೆಗೆ ಅದು ಹಿಂಬದಿಗೆ ಹೋಯಿತು. ಮುಂಬದಿಯ ಒಳಗೆ ಒತ್ತಿದ ಅಂಕಿಯೂ ಅಕ್ಷರವೂ ಉಕ್ಕು ಕರಗಿಸಿದ ಸರದಿಯನ್ನು ಹೇಳುತ್ತವೆ, ಜೊತೆಗೆ ಎಸ್ ಅಕ್ಷರವಿದ್ದರೆ ಅದು ಸೇಂಟ್ ಲೂಯಿಸ್‌ನ ಷ್ಲೂಟರ್ ಕಂಪನಿಯದು. ಇದೂ ಹ್ಯಾಡ್‌ಫೀಲ್ಡನ ಉಕ್ಕೇ, ಅಯಸ್ಕಾಂತಕ್ಕೆ ಒಲಿಯುವುದಿಲ್ಲ. ಯುದ್ಧದ ನಂತರ ಬೆಲ್ಜಿಯಂ, ಪಶ್ಚಿಮ ಜರ್ಮನಿ ಮುಂತಾದ ದೇಶಗಳು ಇದನ್ನೇ ಹೋಲುವ ಟೋಪಿ ಮಾಡಿಕೊಂಡವು. ಅವಕ್ಕೆ ಅಯಸ್ಕಾಂತ ಚೆನ್ನಾಗಿ ಅಂಟುತ್ತದೆ. ಅಂಥದನ್ನು 1944ರ ನಾರ್ಮಂಡಿ ಕದನದ್ದು ಎಂದು ಮಾರುವವರು ಇದ್ದಾರೆ.

ನಕಲಿಯ ವಿಷಯ ಬಂದಾಗ ಜರ್ಮನ್ ಟೋಪಿಯನ್ನು ಬಿಡುವಂತಿಲ್ಲ, ಏಕೆಂದರೆ ಅತಿ ಹೆಚ್ಚು ಮೋಸ ನಡೆಯುವುದು ಅದರಲ್ಲೇ. 1935ರ ಮಾದರಿಯಲ್ಲಿ ಗಾಳಿಯ ತೂತಿಗೆ ಬೇರೆ ಉಂಗುರ ಕೂರಿಸಿರುತ್ತಾರೆ. 1940ರ ಮಾದರಿಯಲ್ಲಿ ಆ ಉಂಗುರವನ್ನು ಚಿಪ್ಪಿನಲ್ಲೇ ಒತ್ತಿ ಎಬ್ಬಿಸಿದ್ದಾರೆ. 1942ರ ಮಾದರಿಯಲ್ಲಿ ಅಂಚನ್ನು ಒಳಮಡಿಸುವ ಕೆಲಸವನ್ನೂ ಬಿಟ್ಟು, ಹಾಗೆಯೇ ಹೊರಚಾಚಿದ್ದಾರೆ. ಯುದ್ಧದ ಒತ್ತಡ ಹೆಚ್ಚಿದಂತೆ ಕೆಲಸ ಕಡಿಮೆಯಾದದ್ದು ಈ ಮೂರು ಟೋಪಿಗಳನ್ನು ಸಾಲಾಗಿಟ್ಟರೆ ಕಣ್ಣಿಗೇ ಕಾಣುತ್ತದೆ. ಎಡಪಕ್ಕದ ಒಳಭಾಗದಲ್ಲಿ ಇಟಿ64 ಎಂಬಂಥ ಗುರುತು ಒತ್ತಿದ್ದರೆ ಇಟಿ ಎಂದರೆ ಥಾಲೆ ಊರಿನ ಕಾರ್ಖಾನೆ, 64 ಚಿಪ್ಪಿನ ಅಳತೆ. ಯುದ್ಧಕ್ಕೆ ಮುಂಚೆ ಒಂದು ಪಕ್ಕದಲ್ಲಿ ಮೂರು ಬಣ್ಣದ ಗುರಾಣಿ, ಇನ್ನೊಂದು ಪಕ್ಕದಲ್ಲಿ ಹದ್ದು ಇರುತ್ತಿದ್ದವು. 1940ರಲ್ಲಿ ಸೇನೆ ಗುರಾಣಿಯನ್ನು ಬಿಟ್ಟಿತು, 1943ರಲ್ಲಿ ಹದ್ದನ್ನೂ ಬಿಟ್ಟಿತು. ಈಗ ಯಾರಾದರೂ ಪದಾತಿಸೇನೆಯ 1942ರ ಮಾದರಿಯ ಟೋಪಿ, ಎರಡೂ ಲಾಂಛನ ಇವೆ ಎಂದು ಹೆಚ್ಚಿನ ಬೆಲೆ ಹೇಳಿದರೆ, ನೀವು ಮಾಡಬೇಕಾದ್ದು ಬರೀ ಲೆಕ್ಕ. ಗುರಾಣಿ ನಿಂತ ಮೇಲೆ ಹುಟ್ಟಿದ ಟೋಪಿಗೆ ಗುರಾಣಿ ಎಲ್ಲಿಂದ ಬಂತು?

ನಕಲಿ ಮಾಡುವವರು ಆಮ್ಲ ಹಾಕಿ ತುಕ್ಕು ಬರಿಸುತ್ತಾರೆ, ಹೊಸ ಲಾಂಛನ ಅಂಟಿಸಿ ಉಜ್ಜಿ ಸವೆಸುತ್ತಾರೆ. ಅದಕ್ಕೆ ಒಂದು ಮದ್ದು ನೇರಳಾತೀತ ದೀಪ. ಯುದ್ಧಾನಂತರ ಬಳಕೆಗೆ ಬಂದ ಬಿಳುಪು ಕೊಡುವ ರಾಸಾಯನಿಕಗಳು ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಹಳೆಯದೆಂದು ಹೇಳುವ ಪಟ್ಟಿಯ ಹೊಲಿಗೆಯ ದಾರ ಹೊಳೆದರೆ ಅನುಮಾನ ಪಡಬೇಕು. ಆದರೆ ಇತ್ತೀಚಿನ ಸೋಪಿನ ಪುಡಿಯಲ್ಲಿ ಒಗೆದ ನಿಜವಾದ ಹಳೆಯ ಪಟ್ಟಿಯೂ ಹೊಳೆಯುತ್ತದೆ. ತೊಳೆಯಬೇಡಿ ಎನ್ನಲು ಇದೂ ಒಂದು ಕಾರಣ, ಒಳ್ಳೆಯ ವಸ್ತುವೂ ನಕಲಿಯ ಹಾಗೆ ಕಾಣತೊಡಗುತ್ತದೆ.

ಈಗ ನಮ್ಮವರ ಕಡೆ ತಿರುಗೋಣ. ಮೊದಲನೆಯ ಮಹಾಯುದ್ಧದಲ್ಲಿ ಅಷ್ಟೊಂದು ಭಾರತೀಯರು ಹೋರಾಡಿದರೂ ಅವರು ತೊಟ್ಟ ಉಕ್ಕಿನ ಟೋಪಿ ಸಿಗುವುದು ಅಪರೂಪ. ಕಾರಣ ತಾರೀಖಿನಲ್ಲಿದೆ. ಭಾರತದ ಪದಾತಿಪಡೆಗಳು 1914ರ ಶರತ್ಕಾಲದಲ್ಲಿ ಫ್ರಾನ್ಸಿಗೆ ಹೋದವು, 1915ರ ಮಾರ್ಚಿನಲ್ಲಿ ನವ್ ಷಾಪೆಲ್‌ನಲ್ಲಿ ಕಾದಾಡಿದವು, ಆ ವರ್ಷದ ಕೊನೆಯಲ್ಲಿ ಮೆಸೊಪೊಟೇಮಿಯಾಕ್ಕೆ ಸಾಗಿದವು. ಬ್ರೋಡಿ ಟೋಪಿ ಹೇರಳವಾಗಿ ಬಂದದ್ದು 1916ರಲ್ಲಿ. ಅಂದರೆ ಫ್ರಾನ್ಸಿನ ಕಂದಕಗಳಲ್ಲಿ ನಮ್ಮ ಸಿಪಾಯಿಗಳು ಫಿರಂಗಿ ಚೂರುಗಳನ್ನು ಎದುರಿಸಿದ್ದು ಬಹುಮಟ್ಟಿಗೆ ತಲೆಗೆ ಸುತ್ತಿದ ಬಟ್ಟೆಯಿಂದಲೇ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ಸ್ಮಾರಕವಾದ ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರ ತಲೆಯ ಮೇಲೂ ರುಮಾಲೇ. ಸಿಖ್ ಸೈನಿಕರಂತೂ ಎರಡೂ ಯುದ್ಧಗಳಲ್ಲಿ ಪಗಡಿ ಬಿಟ್ಟು ಉಕ್ಕಿನ ಟೋಪಿ ತೊಡಲು ಒಪ್ಪಲಿಲ್ಲ. ಆದ್ದರಿಂದ ಭಾರತದ ಸೈನಿಕನ ಶಿರಸ್ತ್ರಾಣಗಳನ್ನು ಕೂಡಿಡಬೇಕೆನ್ನುವವನು ಬಟ್ಟೆಯನ್ನೂ ಬೆಂಡಿನ ಬಿಸಿಲುಟೋಪಿಯನ್ನೂ ಉಕ್ಕಿನಷ್ಟೇ ಗೌರವದಿಂದ ಕಾಣಬೇಕು.

ಎರಡನೆಯ ಯುದ್ಧದಲ್ಲಿ ಪರಿಸ್ಥಿತಿ ಬೇರೆ. ಆ ಯುದ್ಧಕ್ಕೆ ಸೇರಿದ ಭಾರತೀಯರ ಸಂಖ್ಯೆ ಸುಮಾರು 25 ಲಕ್ಷ. ಮಾರ್ಕ್ ಟು ಟೋಪಿ ಭಾರತದಲ್ಲೂ ತಯಾರಾಯಿತು. ಅದೇ ಕಾಲದಲ್ಲಿ ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ಗುಂಡು ತಡೆಯುವ ಉಕ್ಕಿನ ಹಲಗೆಗಳನ್ನು ತಯಾರಿಸುತ್ತಿತ್ತು, ಅವುಗಳಿಂದ ಕಟ್ಟಿದ ಸೇನಾವಾಹನಗಳಿಗೆ ಸೈನಿಕರು ಟಾಟಾನಗರ್ ಎಂದೇ ಹೆಸರಿಟ್ಟಿದ್ದರು. 1944ರಲ್ಲಿ ಇಂಫಾಲ, ಕೊಹಿಮಾಗಳ ಸುತ್ತ ನಡೆದ ಕದನದ ಅವಶೇಷಗಳು ಇಂದಿಗೂ ಅಲ್ಲಿನ ಗುಡ್ಡಗಳ ಮಣ್ಣಿನಿಂದ ಏಳುತ್ತವೆ. ಇಂಫಾಲದ ಬಳಿಯ ಕೆಂಪುಗುಡ್ಡದ ತಪ್ಪಲಿನಲ್ಲಿ 2019ರಲ್ಲಿ ಶಾಂತಿ ವಸ್ತುಸಂಗ್ರಹಾಲಯವೊಂದು ತೆರೆಯಿತು. ನಮ್ಮ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ 2021ರಿಂದ ಸಂಗ್ರಹಾಲಯವಾಗಿದೆ. ಅವರು ಬರ್ಮಾದ ರಣರಂಗದಲ್ಲಿ ದಳ ನಡೆಸಿದವರು. ಕೊಡಗಿನಲ್ಲಿ, ಬೆಳಗಾವಿಯ ಸುತ್ತಿನಲ್ಲಿ, ಬೆಂಗಳೂರು ದಂಡಿನ ಪ್ರದೇಶದಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಎಷ್ಟೋ ಇವೆ. ಅಂಥ ಮನೆಗಳ ಅಟ್ಟದಲ್ಲಿ ಏನಿದೆ ಎಂದು ಯಾರೂ ಪಟ್ಟಿ ಮಾಡಿಲ್ಲ.

ಸಿಕ್ಕ ಟೋಪಿಯನ್ನು ಕಾಪಾಡುವುದು ಹೇಗೆ? ಮೊದಲ ನಿಯಮ, ಏನೂ ಮಾಡದೆ ಇರುವುದು. ಸ್ಯಾಂಡ್ ಪೇಪರ್ ಬೇಡ, ಹುಣಸೆಹಣ್ಣು ಬೇಡ, ಸೀಮೆಎಣ್ಣೆ ಬೇಡ, ಬಣ್ಣದ ಡಬ್ಬಿ ಬೇಡವೇ ಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಉಜ್ಜುವುದು ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ. ಮೆತ್ತನೆಯ ಒಣ ಕುಂಚದಿಂದ ದೂಳು ತೆಗೆಯಿರಿ. ಬರಿಗೈಯ ಬೆವರು ಲೋಹಕ್ಕೆ ತುಕ್ಕು ತರುತ್ತದೆ, ಕೈಗವಸು ತೊಟ್ಟೇ ಹಿಡಿಯಿರಿ. ಒಣಗಿ ಬಿರಿದ ತೊಗಲಿಗೆ ಎಣ್ಣೆ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಆ ಎಣ್ಣೆ ದೂಳನ್ನೂ ಬೂಷ್ಟನ್ನೂ ಕರೆಯುತ್ತದೆ, ಒಳಗಿನ ಶಾಯಿಯ ಬರಹವನ್ನು ಕಲಸುತ್ತದೆ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಮಳೆಗಾಲದ ತೇವವೇ ದೊಡ್ಡ ಶತ್ರು. ಮುಚ್ಚಳವಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳನ್ನಿಟ್ಟು, ಆಗಾಗ ಬದಲಾಯಿಸುತ್ತಿರಿ. ಪಾಲಿಥೀನ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಸಿಕ್ಕ ತೇವ ಅಲ್ಲೇ ನಿಲ್ಲುತ್ತದೆ. ಲೈನರಿನ ಒಳಬದಿಯಲ್ಲಿ ಹೆಸರೋ ಸಂಖ್ಯೆಯೋ ಬರೆದಿದ್ದರೆ ಒಳ್ಳೆಯ ಬೆಳಕಿನಲ್ಲಿ ಕೂಡಲೇ ಫೋಟೋ ತೆಗೆದಿಡಿ. ಶಾಯಿ ವರ್ಷದಿಂದ ವರ್ಷಕ್ಕೆ ಮಾಸುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಚಾರಿತ್ರಿಕ ಮಹತ್ವದ ವಸ್ತುಗಳನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮೊದಲನೆಯ ಮಹಾಯುದ್ಧದ ವಸ್ತುಗಳಿಗೆ ಈಗ ಆ ವಯಸ್ಸು ಆಗಿದೆ. ವಿದೇಶದವರು ಒಳ್ಳೆಯ ಬೆಲೆ ಕೊಡುತ್ತಾರೆಂದು ಪಾರ್ಸೆಲ್ ಕಟ್ಟುವ ಮುಂಚೆ ಪುರಾತತ್ತ್ವ ಇಲಾಖೆಯನ್ನು ವಿಚಾರಿಸಿ. ಕಾನೂನಿಗಿಂತ ದೊಡ್ಡದು ಇನ್ನೊಂದಿದೆ. ಹಳೆಯ ರಣರಂಗದಲ್ಲಿ ಟೋಪಿ ಅಗೆದು ತೆಗೆಯುವುದು ಸಾಹಸವಲ್ಲ. ಟೋಪಿ ಬಿದ್ದ ಜಾಗದಲ್ಲಿ ಅದನ್ನು ತೊಟ್ಟವನೂ ಬಿದ್ದಿರಬಹುದು. ಎಲ್ಲಿ ಸಮಾಧಿಯಾದನೆಂದು ಇಂದಿಗೂ ತಿಳಿಯದ ಸೈನಿಕರು ಸಾವಿರಾರು ಮಂದಿ ಇದ್ದಾರೆ. ಅಗೆದವನು ಟೋಪಿಯೊಂದನ್ನೇ ಎತ್ತಿಕೊಂಡು ಹೋದರೆ, ಆ ಮೂಳೆಗಳಿಗೆ ಹೆಸರು ಕೊಡಬಹುದಾಗಿದ್ದ ಸಾಕ್ಷಿಯೂ ಹೋದಂತೆ. ಎಲ್ಲಿಂದ ಬಂತೆಂದು ಹೇಳಲಾಗದ ಟೋಪಿಯನ್ನು ಕೊಳ್ಳದಿರುವುದೇ ಮರ್ಯಾದಸ್ಥ ಸಂಗ್ರಹಕಾರನ ಲಕ್ಷಣ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಅಜ್ಜನದೋ ದೊಡ್ಡಪ್ಪನದೋ ಇಂಥ ಟೋಪಿಯಿದ್ದರೆ ಅದನ್ನು ಉಜ್ಜಬೇಡಿ, ಗುಜರಿಗೆ ಹಾಕಬೇಡಿ. ಕಾರ್ಖಾನೆಯ ಅಕ್ಷರ ಟೋಪಿಯ ಹುಟ್ಟನ್ನು ಹೇಳುತ್ತದೆ, ತೊಟ್ಟವರ ಹೆಸರು ಹೇಳಬೇಕಾದವರು ನೀವು. ಅವರು ಯಾವ ದಳದಲ್ಲಿದ್ದರು, ಯಾವ ವರ್ಷ ಊರಿಗೆ ಮರಳಿದರು, ಟೋಪಿ ಮನೆಗೆ ಹೇಗೆ ಬಂತು ಎಂದು ಮನೆಯ ಹಿರಿಯರನ್ನು ಕೇಳಿ. ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಟೋಪಿಯ ಜೊತೆಗಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಈ ವಾರವೇ ಮಾಡಿ.